ಮಳೆಗಾಲದ ಮುಂಬಯಿಯಲ್ಲಿ ಪಾಸ್ತಾ ಅಂಟದಂತೆ ಮಾಡಿದ ಬಗೆ

ಮಾಟುಂಗಾದ ನಮ್ಮ ಮನೆಯಲ್ಲಿ ಬೇಸಿಗೆಯುದ್ದಕ್ಕೂ ಚೆನ್ನಾಗಿ ಬರುತ್ತಿದ್ದ ಪಾಸ್ತಾ, ಜುಲೈ ತಿಂಗಳು ಬಂದೊಡನೆ ಕೈಯಿಂದ ತಿರುಗಿಸುವ ಯಂತ್ರದ ರೋಲರುಗಳಿಗೆ ಮೆತ್ತಿಕೊಳ್ಳತೊಡಗಿತು. ಕತ್ತರಿಸುವ ಭಾಗದಿಂದ ಎಳೆಗಳು ಬಿಡಿಯಾಗದೆ ಒಂದೇ ಪಟ್ಟಿಯಾಗಿ ಹೊರಬರುತ್ತಿದ್ದವು. ಇಟಲಿಯ ವಾಡಿಕೆಯಂತೆ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಸಾಕು. ಆದರೆ ಮಳೆಗಾಲದಲ್ಲಿ ಮೈದಾ ಗಾಳಿಯ ತೇವವನ್ನು ಹೀರಿಕೊಂಡಿರುವುದರಿಂದ ಅದೇ ಅಳತೆಯ ಕಣಕವೂ ಸಡಿಲವಾಗುತ್ತದೆ, ಮೊಟ್ಟೆಗಳ ಗಾತ್ರವಂತೂ ಒಂದೇ ಸಮ ಇರುವುದಿಲ್ಲ. ಆದ್ದರಿಂದ ಈಗ ಒಡೆದ ಮೊಟ್ಟೆಯನ್ನು ತೂಗಿ, 50 ಗ್ರಾಮಿಗಿಂತ ತುಸು ಕಡಿಮೆಯೇ ಹಾಕಿ, ಪೂರಿಯ ಹಿಟ್ಟಿಗಿಂತಲೂ ಗಟ್ಟಿಯಾಗಿ ನಾದಿ, ಮುಚ್ಚಿ ಅರ್ಧ ಗಂಟೆ ಇಡುತ್ತೇನೆ.

ನಿಜವಾಗಿ ಕೆಲಸ ಮಾಡಿದ್ದು ಚಿರೋಟಿ ರವೆ. ಮೇಲೆ ಉದುರಿಸಿದ ಮೈದಾ ಕಣಕದೊಳಗೇ ಸೇರಿ ಮತ್ತೆ ಅಂಟಾಗುತ್ತದೆ. ರವೆಯಾದರೋ ಮೇಲ್ಮೈಯಲ್ಲೇ ನಿಂತು, ಕುದಿಯುವ ನೀರಿನಲ್ಲಿ ಬಹುಪಾಲು ಕಳಚಿಹೋಗುತ್ತದೆ. ಹಾಳೆಯನ್ನು ಕತ್ತರಿಸುವ ಮೊದಲು, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಹೊತ್ತು ಫ್ಯಾನಿನ ಕೆಳಗೆ ಹರವಬೇಕು. ಹೆಚ್ಚು ಒಣಗಿದರೆ ಅಂಚು ಸೀಳುತ್ತದೆ. ಯಂತ್ರವನ್ನು ನೀರಿನಲ್ಲಿ ತೊಳೆಯದೆ, ಒಣ ಬ್ರಷ್ಷಿನಿಂದ ಉಜ್ಜಿದರೆ ತುಕ್ಕಿನ ಭಯವಿಲ್ಲ.