ಮುಳ್ಳೂರಿನ ಶಾಸನದ ಮುಂದೆ ಎಂಟು ಸ್ಟೂಲುಗಳು

ಹಿರಿಯರ ತಂಡವೊಂದನ್ನು ಕಟ್ಟಿಕೊಂಡು ಮೊದಲ ಸಲ ಹೊರಟಾಗ ನಾನು ಒಂದೇ ದಿನದಲ್ಲಿ ಐದು ಜಾಗ ತೋರಿಸಿದೆ. ಮಡಿಕೇರಿಯ ಕೋಟೆ, ಓಂಕಾರೇಶ್ವರ ದೇವಸ್ಥಾನ, ರಾಜರ ಸಮಾಧಿಗಳಿರುವ ಗದ್ದಿಗೆ, ಭಾಗಮಂಡಲ, ತಲಕಾವೇರಿ. ಇಪ್ಪತ್ತೆರಡು ಜನ, ಒಂದು ಬಸ್. ಸಂಜೆ ವಸತಿಗೆ ಮರಳಿದ ಮೇಲೆ ಮೈಸೂರಿನಿಂದ ಬಂದಿದ್ದ ಎಪ್ಪತ್ತನಾಲ್ಕು ವರ್ಷದ ತಾಯಿಯೊಬ್ಬರು ಕೋಲನ್ನು ಗೋಡೆಗೆ ಒರಗಿಸಿ ಕುಳಿತು, “ಮೇಷ್ಟ್ರೇ, ಗದ್ದಿಗೆಯ ಹತ್ತಿರ ಇಳಿಯಲು ಮಂಡಿ ಒಪ್ಪಲಿಲ್ಲ. ನಾನು ಇಳಿಯುವ ಹೊತ್ತಿಗೆ ನೀವೆಲ್ಲ ಹೊರಟು ನಿಂತಿದ್ದಿರಿ. ಬಸ್ಸಿನ ಕಿಟಕಿಯಿಂದಲೇ ಗುಮ್ಮಟ ಕಂಡೆ, ಚೆನ್ನಾಗಿತ್ತು” ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಹುಡುಗರನ್ನು ಓಡಾಡಿಸಿದ ಅಭ್ಯಾಸದಲ್ಲಿ ಹಿರಿಯರನ್ನೂ ಓಡಾಡಿಸಿದ್ದೆ. ಆ ತಾಯಿ ಜೀವಮಾನವಿಡೀ ಕನ್ನಡ ಕಲಿಸಿದವರು, ಹಳಗನ್ನಡ ಬಲ್ಲವರು. ಅವರಿಗೆ ಗುಮ್ಮಟವನ್ನು ಕಿಟಕಿಯಿಂದ ತೋರಿಸಿ ಕಳುಹಿಸಿದ್ದು ನನ್ನ ತಪ್ಪು. ಅಂದಿನಿಂದ ಪ್ರವಾಸವನ್ನು ಬೇರೆ ರೀತಿಯಲ್ಲಿ ಹೊಂದಿಸಿಕೊಂಡೆ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನದ ಮೇಲೆ ಒಂದು ಜಾಗ, ಅಷ್ಟೇ. ಹದಿನಾಲ್ಕಕ್ಕಿಂತ ಹೆಚ್ಚು ಜನ ಬೇಡ. ರಾತ್ರಿಗೊಂದು ಊರು ಬದಲಿಸುವುದೂ ಬೇಡ. ತಲಕಾವೇರಿಯನ್ನು ಕೈಬಿಟ್ಟದ್ದಕ್ಕೆ ಕೆಲವರು ಬೇಸರಪಟ್ಟರು. ಅಲ್ಲಿಗೆ ಮಕ್ಕಳು ಮೊಮ್ಮಕ್ಕಳ ಜೊತೆ ಯಾವಾಗ ಬೇಕಾದರೂ ಹೋಗಬಹುದು, ಹಳೆಯ ಬಸದಿಗಳಿರುವ ಮುಳ್ಳೂರಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಕೇಳಿದೆ. ಒಪ್ಪಿದರು.

ನಾನು ಮಾಡಿದ ಅತ್ಯಂತ ಉಪಯುಕ್ತ ಖರೀದಿ ಎಂದರೆ ಕ್ಯಾನ್ವಾಸ್ ಬಟ್ಟೆಯ, ಮಡಚಿಡಬಹುದಾದ ಎಂಟು ಸ್ಟೂಲುಗಳು. ಬಸ್ಸಿನ ಹಿಂದಿನ ಸೀಟಿನ ಕೆಳಗೆ ಹಿಡಿಯುತ್ತವೆ. ಹದಿನಾಲ್ಕು ಜನಕ್ಕೆ ಎಂಟು ಸಾಕು, ಏಕೆಂದರೆ ಅರ್ಧ ಜನ ಸದಾ ಅಡ್ಡಾಡುತ್ತಿರುತ್ತಾರೆ. ನಿಂತವರು ಐದು ನಿಮಿಷಕ್ಕೆ ಆಯಿತು ಎನ್ನುತ್ತಾರೆ. ಕುಳಿತವರು ಕೇಳಲು ಶುರು ಮಾಡುತ್ತಾರೆ.

ಮೊದಲ ದಿನ ಮಡಿಕೇರಿಯಲ್ಲೇ ಇರುತ್ತೇವೆ. ಬೆಳಿಗ್ಗೆ ಕೋಟೆ. ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜನ ಕಾಲದ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದದ್ದು, 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಅರಮನೆಯನ್ನು ಹೊಸದಾಗಿ ಕಟ್ಟಿಸಿದ್ದು, ಆಮೇಲೆ ಇಂಗ್ಲಿಷರು ಅದೇ ಆವರಣದಲ್ಲಿ ಚರ್ಚು ಎಬ್ಬಿಸಿದ್ದು ಎಲ್ಲವೂ ಒಂದೇ ಅಂಗಳದಲ್ಲಿ ಕಾಣುತ್ತದೆ. ಆ ಚರ್ಚೇ ಈಗ ಸರಕಾರಿ ವಸ್ತುಸಂಗ್ರಹಾಲಯ. ಒಳಗೆ ವೀರಗಲ್ಲುಗಳು, ಶಿಲ್ಪಗಳು, ಹಳೆಯ ಆಯುಧಗಳಿವೆ. ವಾರದ ರಜೆ ಯಾವತ್ತು ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಒಮ್ಮೆ ನಾನು ವಿಚಾರಿಸದೆ ಹೋಗಿ, ಬೀಗ ಹಾಕಿದ ಬಾಗಿಲಿನ ಮುಂದೆ ಹದಿಮೂರು ಜನರ ಕ್ಷಮೆ ಕೇಳಿದ್ದೇನೆ.

ಗದ್ದಿಗೆಗೆ ಮೂರೂವರೆಯ ಮೇಲೆ ಹೋಗುತ್ತೇವೆ. ಬಿಸಿಲು ಇಳಿದಿರುತ್ತದೆ. ಮಧ್ಯದ ಕಟ್ಟಡದಲ್ಲಿ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿ, ಪಕ್ಕದ್ದರಲ್ಲಿ ಲಿಂಗರಾಜೇಂದ್ರ. ತಂದೆಗಾಗಿ ಅದನ್ನು ಕಟ್ಟಿಸಿದವನು ಚಿಕ್ಕವೀರರಾಜೇಂದ್ರ, 1820ರಲ್ಲಿ. ಹಾಲೇರಿ ಅರಸರು ಲಿಂಗಾಯತರು, ಕಟ್ಟಡದ ಗುಮ್ಮಟವೋ ಮಸೀದಿಯನ್ನು ನೆನಪಿಸುವಂಥದ್ದು. ಹೊಸಬರೆಲ್ಲ ಮೊದಲು ಕೇಳುವುದು ಇದನ್ನೇ. ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಸ್ಟೂಲು ಹಾಕಿಕೊಟ್ಟು, ಕಾಲು ಗಂಟೆ ಸುಮ್ಮನೆ ನೋಡಿ ಎನ್ನುತ್ತೇನೆ.

ಎರಡು ವರ್ಷ ಬಿಟ್ಟು ಆ ಕನ್ನಡ ಟೀಚರ್ ಮತ್ತೆ ಬಂದರು. ಈ ಸಲ ಬಸ್ಸನ್ನು ಎಷ್ಟು ಹತ್ತಿರಕ್ಕೆ ತರಬಹುದೋ ಅಷ್ಟು ಹತ್ತಿರ ತರಿಸಿ, ಅವರನ್ನು ಮೊದಲು ಇಳಿಸಿ, ಹುಲ್ಲಿನ ಮೇಲೆ ಕೂರಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಅವರು ಕೋಲೆತ್ತಿ ತೋರಿಸಿ, “ಆ ಮೂಲೆಯ ಗೋಪುರದ ಮೇಲೆ ಕೂತಿರುವುದು ಬಸವ ಅಲ್ಲವೇ?” ಎಂದರು. ಹೌದು, ನಾಲ್ಕು ಮೂಲೆಗಳ ಸಣ್ಣ ಗೋಪುರಗಳ ಮೇಲೆ ಬಸವನಿದ್ದಾನೆ. ಎಲ್ಲರೂ ಎದ್ದು ಸುತ್ತು ಹಾಕಿ ಒಂದೊಂದನ್ನೂ ನೋಡಿ ಬಂದರು. ಅಲ್ಲಿಂದ ಮಾತು ಕಿಟಕಿಗಳ ಹಿತ್ತಾಳೆ ಸರಳುಗಳ ಮೇಲಿನ ನವುರಾದ ಗೆರೆಕೆಲಸಕ್ಕೆ ಹೋಯಿತು, ಆಮೇಲೆ ಅದೇ ಲಿಂಗರಾಜೇಂದ್ರ 1820ರಲ್ಲಿ ಪೂರೈಸಿದ ಓಂಕಾರೇಶ್ವರಕ್ಕೆ ಹೋಯಿತು. ಅಲ್ಲಿಯೂ ಗುಮ್ಮಟ, ಅಲ್ಲಿಯೂ ಮೂಲೆಗೊಂದು ಮಿನಾರು, ಒಳಗೆ ಶಿವಲಿಂಗ. ನೆರೆಯ ಮೈಸೂರಿನ ಕಟ್ಟಡಗಳನ್ನು ಕಂಡ ಕುಶಲಕರ್ಮಿಗಳ ಕೈಗೆ ಯಾವುದು ಚೆಂದ ಎನಿಸಿತೋ ಅದನ್ನು ಅರಸನೂ ಮೆಚ್ಚಿದ ಎಂದು ನನ್ನ ಎಣಿಕೆ. ಹೊರಡುವ ಮುನ್ನ ಪಕ್ಕದಲ್ಲಿರುವ ಬಿದ್ದಂಡ ಬೋಪು ಅವರ ಸಮಾಧಿಯ ಬಳಿ ತಪ್ಪದೆ ನಿಲ್ಲುತ್ತೇವೆ. ಟಿಪ್ಪುವಿನ ಸೈನ್ಯದೊಡನೆ ಹೋರಾಡಿ ಮಡಿದ ದಂಡನಾಯಕ. ಅರಸರ ಮಗ್ಗುಲಲ್ಲಿ ಅವರಿಗೂ ಜಾಗ ಸಿಕ್ಕಿದೆ.

ಎರಡನೆಯ ದಿನ ಸೋಮವಾರಪೇಟೆಯ ದಿಕ್ಕಿಗೆ. ನನಗೆ ಅತ್ಯಂತ ಪ್ರಿಯವಾದ ದಿನ ಇದು. ಕೊಡಗು ಎಂದರೆ ಕಾಫಿ ತೋಟ, ಅಬ್ಬಿ, ಮಂಜು ಎಂದುಕೊಂಡು ಬಂದವರಿಗೆ ಶನಿವಾರಸಂತೆಯ ಹತ್ತಿರದ ಮುಳ್ಳೂರಿನಲ್ಲಿ ಒಂದೇ ಸಾಲಿಗೆ ಹತ್ತಿರ ಹತ್ತಿರ ನಿಂತ ಮೂರು ಜೈನ ಬಸದಿಗಳು ಎದುರಾದಾಗ ಮಾತು ನಿಲ್ಲುತ್ತದೆ. ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ. ಉತ್ತರ ಕೊಡಗನ್ನು ಆಳುತ್ತಿದ್ದ ಕೊಂಗಾಳ್ವರ ಕಾಲದವು. ಚೋಳ ರಾಜರಾಜನ ಕಾಲದಲ್ಲಿ ಪನಸೋಗೆಯ ಯುದ್ಧದಲ್ಲಿ ಪರಾಕ್ರಮ ತೋರಿದ ಮನಿಜನಿಗೆ ಮಾಲಂಬಿ ದೊರೆತು, ಕೊಂಗಾಳ್ವ ಎಂಬ ಬಿರುದು ಬಂದು, ಈ ವಂಶ ನೆಲೆಯೂರಿತು. ಮಾಲಂಬಿ ಎಂಬ ಊರು ಇಂದಿಗೂ ಇದೆ. ದಾರಿಯಲ್ಲಿ ಅದರ ಬೆಟ್ಟವನ್ನು ಬಸ್ಸಿನಿಂದಲೇ ತೋರಿಸುತ್ತೇನೆ.

ಇಲ್ಲಿಯ ಶಾಸನ ಓದುವ ಸಿದ್ಧತೆ ಹಿಂದಿನ ರಾತ್ರಿಯೇ ಆಗಬೇಕು. ಊಟವಾದ ಮೇಲೆ ಅರ್ಧ ಗಂಟೆ ಹನ್ನೊಂದನೆಯ ಶತಮಾನದ ಅಕ್ಷರಗಳನ್ನು ಬಿಳಿ ಹಾಳೆಯ ಮೇಲೆ ದೊಡ್ಡದಾಗಿ ಬರೆದು ತೋರಿಸುತ್ತೇನೆ. ತಲೆಕಟ್ಟು ಹೇಗೆ, ‘ಮ’ ಮತ್ತು ‘ವ’ ಹೇಗೆ ಬೇರೆ, ಈಗ ಬಳಕೆ ತಪ್ಪಿದ ‘ೞ’ ಮತ್ತು ‘ಱ’ ಹೇಗಿರುತ್ತಿದ್ದವು ಎಂದು. ಲೂಯಿಸ್ ರೈಸ್ 1886ರಲ್ಲಿ ಹೊರತಂದ ಕೊಡಗಿನ ಶಾಸನಗಳ ಸಂಪುಟದಿಂದ ಪಾಠದ ಪ್ರತಿ ತೆಗೆಸಿ, ಹದಿನಾರು ಪಾಯಿಂಟಿನ ಅಕ್ಷರದಲ್ಲಿ ಮುದ್ರಿಸಿ ಎಲ್ಲರಿಗೂ ಕೊಡುತ್ತೇನೆ. ಸಣ್ಣ ಅಕ್ಷರದ ಹಾಳೆ ಕೊಟ್ಟರೆ ಕನ್ನಡಕ ಹುಡುಕುವುದರಲ್ಲೇ ಬೆಳಗು ಕಳೆಯುತ್ತದೆ.

ಕಲ್ಲನ್ನು ಓದಲು ಬೇಕಾದದ್ದು ಓರೆ ಬೆಳಕು. ನೆತ್ತಿಯ ಬಿಸಿಲಿನಲ್ಲಿ ಸವೆದ ಅಕ್ಷರ ಕಾಣುವುದೇ ಇಲ್ಲ. ಮನೆಯಲ್ಲಿ ಗಡ್ಡ ಮಾಡಿಕೊಳ್ಳುವ ಕನ್ನಡಿಯಷ್ಟು ದೊಡ್ಡ ಕನ್ನಡಿಯೊಂದನ್ನು ಒಯ್ದು, ಬಿಸಿಲನ್ನು ಹಿಡಿದು ಕಲ್ಲಿನ ಮಗ್ಗುಲಿನಿಂದ ಹಾಯಿಸಬೇಕು. ಅಕ್ಷರದ ತಗ್ಗಿನಲ್ಲಿ ನೆರಳು ತುಂಬಿಕೊಂಡು ಸಾಲಿಗೆ ಸಾಲೇ ಎದ್ದು ಬರುತ್ತದೆ. ಮೋಡವಿದ್ದರೆ ಟಾರ್ಚನ್ನು ಕಲ್ಲಿಗೆ ಒತ್ತಿಕೊಂಡಂತೆ ಹಿಡಿದರೂ ಆದೀತು. ಸೀಮೆಸುಣ್ಣ ಉಜ್ಜುವುದು, ಹಿಟ್ಟು ಎರಚುವುದು, ಎಣ್ಣೆ ಹಚ್ಚುವುದು ಖಂಡಿತ ಕೂಡದು. ಇವು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ರಕ್ಷಣೆ ಇಲ್ಲದಿದ್ದರೂ ಕೂಡದು. ಒಂಬೈನೂರೈವತ್ತಕ್ಕೂ ಹೆಚ್ಚು ವರ್ಷ ಕೊಡಗಿನ ಮಳೆಯನ್ನು ತಡೆದುಕೊಂಡ ಅಕ್ಷರ ನಮ್ಮ ಕೈಯಲ್ಲಿ ಸವೆಯಬಾರದು.

ಅಂದು ಕನ್ನಡಿ ಹಿಡಿದವರು ನಿವೃತ್ತ ಬ್ಯಾಂಕ್ ಅಧಿಕಾರಿ, ಓದಲು ಕುಳಿತವರು ಆ ಟೀಚರ್. ಮೊದಲ ಸಾಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಹಾಳೆಯನ್ನು ನೋಡುವುದು, ಕಲ್ಲನ್ನು ನೋಡುವುದು, ಮತ್ತೆ ಹಾಳೆ. ಕೊನೆಗೆ ಅವರು ಹಾಳೆಯನ್ನು ಮಡಿಲಲ್ಲಿಟ್ಟು, ಕಲ್ಲನ್ನೇ ನೋಡುತ್ತ, “ಪೋ… ಚ… ಬ್ಬ… ರ… ಸಿ” ಎಂದು ಒಂದೊಂದೇ ಅಕ್ಷರ ಓದಿದರು. ರಾಜೇಂದ್ರ ಕೊಂಗಾಳ್ವನ ತಾಯಿ, 1058ರಲ್ಲಿ ಇಲ್ಲಿ ಬಸದಿ ಮಾಡಿಸಿದವಳು, ಗುಣಸೇನ ಪಂಡಿತರ ಶಿಷ್ಯೆ. ಟೀಚರ್ ಕಣ್ಣೊರೆಸಿಕೊಂಡರು. ನಲವತ್ತು ವರ್ಷ ತರಗತಿಯಲ್ಲಿ ಹಳಗನ್ನಡ ಓದಿಸಿದ್ದರೂ ಅದನ್ನು ಕಲ್ಲಿನ ಮೇಲೆ ತಾವಾಗಿ ಓದಿದ್ದು ಅದೇ ಮೊದಲು ಎಂದರು. ಬಸ್ ಚಾಲಕ ಕೂಡ ಬಂದು ಅವರಿಂದ ಆ ಐದು ಅಕ್ಷರ ಹೇಳಿಸಿಕೊಂಡು ಹೋದ. ಅಂದು ಮಧ್ಯಾಹ್ನದ ಊಟ ಒಂದು ಗಂಟೆ ತಡವಾಯಿತು. ಮಧುಮೇಹ ಇದ್ದವರಿಗೆಂದು ನಾನು ಇಟ್ಟುಕೊಂಡಿದ್ದ ಬಾಳೆಹಣ್ಣು, ಬಿಸ್ಕತ್ತು ಕೆಲಸಕ್ಕೆ ಬಂದವು.

ಊಟವಾದ ಮೇಲೆ ದೊಡ್ಡಮಳ್ತೆ. ಹೊನ್ನಮ್ಮನ ಕೆರೆಯ ಏರಿಯ ಮೇಲೆ ಎಲ್ಲರೂ ಕುಳಿತುಕೊಳ್ಳುತ್ತಾರೆ. ಕೆರೆಗೆ ನೀರು ಬರಲೆಂದು ತನ್ನನ್ನೇ ಕೊಟ್ಟ ಹೆಣ್ಣಿನ ಕಥೆಯನ್ನು ಊರಿನವರ ಬಾಯಲ್ಲೇ ಕೇಳಬೇಕು. ಗೌರಿ ಹಬ್ಬದಂದು ಇಲ್ಲಿ ಹೊನ್ನಮ್ಮನಿಗೆ ಬಾಗಿನ ಬಿಡುತ್ತಾರೆ. ಮೋರಿಬೆಟ್ಟದ ಕಲ್ಮನೆಗಳಿಗೆ ನಡೆಯಬಲ್ಲವರು ಮಾತ್ರ, ಐದಾರು ಜನ ಬರುತ್ತಾರೆ. ಜನ ಪಾಂಡವರ ಮನೆ ಎನ್ನುತ್ತಾರೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಬೃಹತ್ ಶಿಲಾಯುಗದ ಸಮಾಧಿಗಳು ಇವು. ಇಂಥವುಗಳಲ್ಲಿ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿರುವುದುಂಟು. ಕೊಡಗಿನ ಇಂಥ ಗೋರಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಇಂಗ್ಲಿಷ್ ಅಧಿಕಾರಿಗಳು ಅಗೆದು, ಮಡಕೆ, ಕಬ್ಬಿಣದ ಸಾಮಾನು, ಮಣಿಗಳನ್ನು ಹೊರತೆಗೆದಿದ್ದರು. ಕೆರೆಯ ಏರಿಯಲ್ಲಿ ಉಳಿದವರಿಗೆ ನಾನು ಒಂದು ಕೆಲಸ ಕೊಟ್ಟಿರುತ್ತೇನೆ. ಹೋದವರು ಬಂದ ಮೇಲೆ ಅವರನ್ನು ಪ್ರಶ್ನಿಸಬೇಕು. ಕಿಂಡಿ ಯಾವ ದಿಕ್ಕಿಗಿತ್ತು? ಚಪ್ಪಡಿ ಎಷ್ಟು ಗೇಣು ದಪ್ಪ? ಹೋದವರು ಇದಕ್ಕಾಗಿಯೇ ಕಣ್ಣಿಟ್ಟು ನೋಡುತ್ತಾರೆ. ಮೊದಲೆಲ್ಲ ಮೊಬೈಲಿನಲ್ಲಿ ಚಿತ್ರ ಹಿಡಿದು ತಿರುಗುತ್ತಿದ್ದರು.

ಇನ್ನು ವ್ಯವಸ್ಥೆಯ ಮಾತು. ನವೆಂಬರ್ ನಡುವಿನಿಂದ ಫೆಬ್ರುವರಿಯೊಳಗೆ ಹೊರಡಿ. ಮಳೆಗಾಲದಲ್ಲಿ ಪಾಚಿ ಹಿಡಿದ ಮೆಟ್ಟಿಲು ಮತ್ತು ಜಿಗಣೆ ಎರಡೂ ಹಿರಿಯರಿಗೆ ಸಲ್ಲ. ವಸತಿಯಲ್ಲಿ ನೆಲಮಹಡಿಯ ಕೊಠಡಿ, ಬಿಸಿನೀರು, ಕಮೋಡ್ ಇದೆಯೇ ಎಂದು ಫೋನಿನಲ್ಲಿ ಕೇಳಿದರೆ ಸಾಲದು, ಒಂದು ವಾರ ಮೊದಲು ನೀವೇ ಹೋಗಿ ಬಾಗಿಲು ತೆರೆದು ನೋಡಿ. ಎಲ್ಲವೂ ಇದೆ ಎಂದು ಹೇಳಿದ ಒಂದು ಕಡೆ ಎರಡನೆಯ ಮಹಡಿಗೆ ಹತ್ತಿಸಿದ್ದರು. ಘಟ್ಟದ ತಿರುವಿನಲ್ಲಿ ತಲೆಸುತ್ತುವವರಿಗೆ ಮುಂದಿನ ಸೀಟು. ಎರಡು ಗಂಟೆಗೊಮ್ಮೆ ಶೌಚಾಲಯ, ಅದೂ ಎಲ್ಲಿ ಎಂದು ಮೊದಲೇ ಗೊತ್ತಿರಬೇಕು. ಪ್ರತಿಯೊಬ್ಬರ ಮಾತ್ರೆಗಳ ಪಟ್ಟಿ ಮತ್ತು ಮಕ್ಕಳ ಫೋನ್ ಸಂಖ್ಯೆ ನನ್ನ ಜೇಬಿನಲ್ಲಿರುತ್ತದೆ.

ಮೂರನೆಯ ದಿನ ಬೆಳಿಗ್ಗೆ ಪರಿಚಯದ ಕೊಡವ ಕುಟುಂಬವೊಂದರ ಐನ್‌ಮನೆ, ಅಂದರೆ ಮೂಲಮನೆ. ಅದು ಪ್ರದರ್ಶನದ ಜಾಗವಲ್ಲ, ಒಕ್ಕದ, ಅಂದರೆ ಮನೆತನದ, ಕಾರಣರು (ಪೂರ್ವಿಕರು) ನೆಲೆಸಿರುವ ಮನೆ. ಆದ್ದರಿಂದ ಒಕ್ಕದ ಹಿರಿಯರನ್ನು ತಿಂಗಳ ಮೊದಲೇ ಕಂಡು ಕೇಳುತ್ತೇನೆ, ಹಣದ ಮಾತು ಎತ್ತುವುದಿಲ್ಲ, ಹಣ್ಣು ಒಯ್ಯುತ್ತೇವೆ. ಚಪ್ಪಲಿ ಅಂಗಳದ ಆಚೆಗೇ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಕೆಳಗೆ ಎಲ್ಲರೂ ತಾವಾಗಿಯೇ ದನಿ ತಗ್ಗಿಸುತ್ತಾರೆ. ಕೈಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಕಂಬದಿಂದ ಕಂಬಕ್ಕೆ ಹಾಸಿದ ಅಗಲವಾದ ಮರದ ಐಮರದ ಮೇಲೆ ಕುಳಿತಾಗ ನಮ್ಮ ಸ್ಟೂಲುಗಳು ಬೇಕಾಗುವುದಿಲ್ಲ.

ಮಧ್ಯಾಹ್ನ ಕಕ್ಕಬ್ಬೆಯ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದ ನಾಲ್ಕುನಾಡು ಅರಮನೆ. 1792ರಿಂದ 1794ರ ನಡುವೆ ದೊಡ್ಡವೀರರಾಜೇಂದ್ರ ಕಾಡಿನ ಮರೆಯಲ್ಲಿ ಕಟ್ಟಿಸಿದ್ದು. 1834ರಲ್ಲಿ ಇಂಗ್ಲಿಷರು ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದದ್ದು ಇಲ್ಲಿಯೇ. ಮರದ ಕೆತ್ತನೆ, ಗೋಡೆಯ ಚಿತ್ರಗಳು, ಕತ್ತಲೆಯ ಸಣ್ಣ ಕೋಣೆಗಳು, ತಲೆ ಬಾಗಿಸಿಯೇ ದಾಟಬೇಕಾದ ಬಾಗಿಲುಗಳು. ಮೇಲಿನ ಅಂತಸ್ತಿಗೆ ಹೋಗುವ ಏಣಿ ಮೆಟ್ಟಿಲು ಎಲ್ಲರಿಗೂ ಆಗದು.

ಕಳೆದ ಸಲದ ತಂಡದಲ್ಲಿ ಎಂಬತ್ತೊಂದು ವರ್ಷದ ಒಬ್ಬರಿದ್ದರು. ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವರು. ಅವರು ಮೆಟ್ಟಿಲನ್ನು ಒಮ್ಮೆ ನೋಡಿ, ಸ್ಟೂಲು ತೆಗೆದುಕೊಂಡು ಹೊರಗೆ ಮದುವೆ ಮಂಟಪದ ಪಕ್ಕಕ್ಕೆ ಹೋಗಿ ಕುಳಿತರು. ರಟ್ಟಿನ ಮೇಲೆ ಕಾಗದ ಸಿಕ್ಕಿಸಿ, ಪೆನ್ಸಿಲ್ ಹಿಡಿದ ಕೈಯನ್ನು ಚಾಚಿ ಅಳತೆ ನೋಡಿ, ಅರಮನೆಯ ಮುಂಭಾಗವನ್ನು ಬಲಗಡೆಯಿಂದ ಬರೆಯಲು ಶುರು ಮಾಡಿದರು. ಮೇಲೆ ಹತ್ತಿದವರು ಕಿಟಕಿಯಿಂದ ಬಗ್ಗಿ, “ಸಾರ್, ಈ ಕಂಬದ ತಲೆಯಲ್ಲಿ ಹೂವಿದೆ” ಎಂದು ಕೂಗಿ ಹೇಳುವರು. ಅವರು “ಎಷ್ಟು ದಳ?” ಎಂದು ಕೆಳಗಿನಿಂದ ಕೇಳುವರು, ಮೇಲಿನವರು ಎಣಿಸುವರು. ಒಂದೂವರೆ ಗಂಟೆ ಹೀಗೇ ನಡೆಯಿತು. ಕತ್ತಲಾಗುವ ಮುನ್ನ ಘಟ್ಟದ ರಸ್ತೆ ದಾಟಬೇಕಿದ್ದುದರಿಂದ ನಾನೇ ಹೋಗಿ ಹೊರಡೋಣವೇ ಎಂದೆ. ಎಡಗಡೆಯ ಮೂರರಲ್ಲಿ ಒಂದು ಭಾಗ ಖಾಲಿ ಉಳಿದಿತ್ತು. ಅವರು ಕಾಗದವನ್ನು ಸುರುಳಿ ಸುತ್ತಿ ನನ್ನ ಕೈಗಿಟ್ಟು, “ನಿಮ್ಮ ಹತ್ತಿರ ಇರಲಿ ಮೇಷ್ಟ್ರೇ. ಡಿಸೆಂಬರಿನಲ್ಲಿ ಬಂದು ಎಡಗಡೆಯಿಂದ ಹಿಡಿಯುತ್ತೇನೆ” ಎಂದರು.