ಕಿಟಕಿಗೆ ಚುಕ್ಕಿ ಇಟ್ಟ ಕತೆ

ಆ ವರ್ಷ ಆಯುಧಪೂಜೆಗೆಂದು ಕಿಟಕಿ ಗಾಜುಗಳನ್ನೆಲ್ಲ ಹಳೇ ಪೇಪರ್ ಒದ್ದೆ ಮಾಡಿ ತಿಕ್ಕಿ ತಿಕ್ಕಿ ಒರೆಸಿದ್ದೆ. ಹಿತ್ತಲ ಕಡೆಯ ದೊಡ್ಡ ಕಿಟಕಿಯಂತೂ ಗಾಜು ಇದೆಯೋ ಇಲ್ಲವೋ ಅನ್ನುವಷ್ಟು ಫಳಫಳ. ಹಬ್ಬ ಕಳೆದು ಮೂರನೇ ದಿನ, ಬೆಳಿಗ್ಗೆ ಆರೂಕಾಲು. ಒಲೆ ಮೇಲೆ ಹಾಲಿಟ್ಟಿದ್ದೇನೆ, ಠಪ್ ಅಂತ ಸದ್ದಾಯಿತು. ಪಕ್ಕದ ಖಾಲಿ ಸೈಟಿನಲ್ಲಿ ಕ್ರಿಕೆಟ್ ಆಡುವ ಹುಡುಗರು ಇಷ್ಟು ಬೇಗ ಎದ್ದರಾ ಎಂದು ಬೈದುಕೊಂಡೇ ಹೊರಗೆ ಬಂದೆ. ಚೆಂಡು ಇರಲಿಲ್ಲ. ಕನಕಾಂಬರದ ಕುಂಡದ ಬುಡದಲ್ಲಿ ಒಂದು ಹಕ್ಕಿ ಕೂತಿತ್ತು.

ನಮ್ಮದು ಕ್ಯಾತ್ಸಂದ್ರ. ತಟ್ಟೆ ಇಡ್ಲಿಗೆ ಹೆಸರಾದ ಊರು. ತಾರಸಿ ಹತ್ತಿದರೆ ಸಿದ್ಧಗಂಗೆ ಬೆಟ್ಟ ಕಾಣುತ್ತದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಹಕ್ಕಿ ಅಂದರೆ ಕಾಗೆ, ಗುಬ್ಬಿ, ಗಿಣಿ, ಗೊರವಂಕ. ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯುತ್ತಿತ್ತು. ಈ ಹಕ್ಕಿ ಅವ್ಯಾವುದೂ ಅಲ್ಲ. ಬೆನ್ನು ಎಲೆ ಹಸಿರು, ಎದೆ ಗೋಧಿ ಹಿಟ್ಟಿನ ಬಣ್ಣ, ಹೊಟ್ಟೆಯ ಕೆಳಗೆ ಕುಂಕುಮ ಚೆಲ್ಲಿದಂಥ ಕೆಂಪು. ರೆಕ್ಕೆಯ ಮೇಲೊಂದು ನೀಲಿ ತೇಪೆ. ಬಿಸಿಲು ಇನ್ನೂ ಬಿದ್ದಿರಲಿಲ್ಲ, ಆದರೂ ಹೊಳೆಯುತ್ತಿತ್ತು. ಕಣ್ಣಿಗೆ ಅಡ್ಡಲಾಗಿ ದಪ್ಪ ಕಪ್ಪು ಪಟ್ಟಿ, ಗಂಟಲು ಬಿಳುಪು. ಬಾಲ ಮಾತ್ರ ಕತ್ತರಿಸಿಟ್ಟ ಹಾಗೆ ಮೋಟು. ಕಣ್ಣು ಅರ್ಧ ಮುಚ್ಚಿ, ಮೈ ಉಬ್ಬಿಸಿಕೊಂಡು, ಬಾಯಿ ತೆರೆದು ಉಸಿರಾಡುತ್ತಿತ್ತು. ಒಳಗೆ ಹಾಲು ಉಕ್ಕಿತು.

ಮೊದಲ ತಪ್ಪು ಮಾಡಿದ್ದು ಆಗಲೇ. ಪಾಪ, ಬಾಯಾರಿರಬೇಕು ಎಂದು ಮಕ್ಕಳಿಗೆ ಹಾಲು ಹಾಕುವ ಹಳೇ ಬೆಳ್ಳಿ ಒಳಲೆ ಹುಡುಕಿ ತಂದು, ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು ಕೊಕ್ಕಿಗೆ ನೀರು ಬಿಟ್ಟೆ. ಅದು ತಲೆ ಕೊಡವಿತು, ಗೊರ್ ಎಂದಿತು. ಕೈಯಲ್ಲಿ ತೂಕವೇ ಇಲ್ಲ, ಎದೆಬಡಿತ ಮಾತ್ರ ಬೆರಳಿಗೆ ಮೋಟಾರಿನ ಹಾಗೆ ತಾಗುತ್ತಿತ್ತು. ಹೆದರಿ, ಪಶುವೈದ್ಯನಾಗಿರುವ ಹಳೇ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆ. ನಿದ್ದೆಗಣ್ಣಲ್ಲೇ ಬೈದ. "ಮೇಡಂ, ಮೊದ್ಲು ನೀರು ನಿಲ್ಸಿ. ಹಕ್ಕಿಗೆ ಉಸಿರಿನ ಕೊಳವೆ ಬಾಯಿ ನಾಲಿಗೆ ಬುಡದಲ್ಲೇ ಇರುತ್ತೆ. ನೀವು ಹಾಕೋ ನೀರು ಸೀದಾ ಶ್ವಾಸಕೋಶಕ್ಕೆ." ನಲವತ್ತು ವರ್ಷದ ಹಿಂದೆ ನಾನು ಅವನ ಲೆಕ್ಕದ ಪುಸ್ತಕದ ಮೇಲೆ ಕೆಂಪು ಇಂಕಿನಲ್ಲಿ ಬರೆದದ್ದಕ್ಕೆಲ್ಲ ಅವತ್ತು ಬಡ್ಡಿ ಸಮೇತ ತೀರಿಸಿದ.

ಆಮೇಲೆ ಅವನು ಹೇಳಿದ ಹಾಗೆ ಮಾಡಿದೆ. ಸೀರೆ ಬಂದಿದ್ದ ರಟ್ಟಿನ ಡಬ್ಬಿ, ಪಕ್ಕದಲ್ಲಿ ಪೆನ್ಸಿಲಿನಿಂದ ಏಳೆಂಟು ತೂತು, ತಳಕ್ಕೆ ಕಾಲು ಜಾರದಂತೆ ಹಳೇ ಟವೆಲ್ಲು. ಹಕ್ಕಿಯನ್ನು ಮೆಲ್ಲಗೆ ಒಳಗಿಟ್ಟು ಮುಚ್ಚಳ ಹಾಕಿ, ದೇವರ ಮನೆ ಪಕ್ಕದ ಸಾಮಾನು ಕೋಣೆಯಲ್ಲಿಟ್ಟೆ. ಅನ್ನ ಬೇಡ, ನೀರು ಬೇಡ, ಫ್ಯಾನಿನ ಗಾಳಿ ಬೇಡ, ಮೊಬೈಲ್ ಫೋಟೊ ಬೇಡವೇ ಬೇಡ. ಗಾಜಿಗೆ ಹೊಡೆದುಕೊಂಡ ಹಕ್ಕಿಗೆ ಕತ್ತಲು, ಮೌನ ಎರಡೇ ಔಷಧಿ. ಗಾಬರಿಯೇ ಅರ್ಧ ಕೊಲ್ಲುತ್ತದಂತೆ. ಒಂದೆರಡು ಗಂಟೆ ಕಾಯಿರಿ, ಚೇತರಿಸಿಕೊಳ್ಳದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ ಎಂದ. ಮೂರು ಸಲ ಇಣುಕಿದೆ ಅಂತ ಅವನಿಗೆ ಇವತ್ತಿಗೂ ಹೇಳಿಲ್ಲ.

ಅಷ್ಟರಲ್ಲಿ ಸುದ್ದಿ ಬೀದಿಗೆ ಹಬ್ಬಿತ್ತು. ಎದುರು ಮನೆ ಹುಡುಗ ಓಡಿ ಬಂದು "ಆಂಟಿ, ಪಂಜರ ತರಲಾ?" ಎಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಹಕ್ಕಿಯನ್ನು ಪಂಜರದಲ್ಲಿ ಇಟ್ಟುಕೊಳ್ಳುವುದು ಅಪರಾಧ ಕಣೋ ಅಂದೆ. ಅವನಿಗೆ ಕಾಯ್ದೆ ಹಿಡಿಸಲಿಲ್ಲ, ಜೈಲು ಅಂದಾಗ ಸುಮ್ಮನಾದ. ಹೆಸರು ಪತ್ತೆ ಮಾಡಿದವಳು ಅವನ ಅಕ್ಕ. ನಾನು ಹೇಳಿದ ಬಣ್ಣಗಳನ್ನು ಮೊಬೈಲಿನ ಮರ್ಲಿನ್ ಆ್ಯಪಿಗೆ ತುಂಬಿ ಎರಡು ನಿಮಿಷದಲ್ಲಿ ಚಿತ್ರ ತೋರಿಸಿದಳು: ಇಂಡಿಯನ್ ಪಿಟ್ಟ. ಕನ್ನಡದಲ್ಲಿ ನವರಂಗ. ನವರಾತ್ರಿ ಮುಗಿಸಿಕೊಂಡು ನವರಂಗ ಬಂದಿದೆ ಎಂದು ನಮ್ಮತ್ತೆ ಎಲ್ಲರಿಗೂ ಹೇಳಿಕೊಂಡು ಬಂದರು.

ಇದು ನಮ್ಮೂರಿನ ಹಕ್ಕಿಯಲ್ಲ. ಮಳೆಗಾಲದಲ್ಲಿ ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿ ಶುರುವಾಗುವ ಹೊತ್ತಿಗೆ ದಕ್ಷಿಣಕ್ಕೂ ಶ್ರೀಲಂಕಾಕ್ಕೂ ಹೊರಡುತ್ತದೆ. ಪ್ರಯಾಣ ರಾತ್ರಿ ಹೊತ್ತು. ಬೆಳಗಾಗುವಾಗ ಸುಸ್ತಾಗಿ ಎಲ್ಲಿ ಗಿಡ ಕಂಡರೆ ಅಲ್ಲಿ ಇಳಿಯುತ್ತದೆ, ದೀಪ ಕಂಡ ಮನೆಗೂ ನುಗ್ಗುತ್ತದೆ. ನನ್ನ ಕಿಟಕಿಯಲ್ಲಿ ಅದಕ್ಕೆ ಕಂಡದ್ದು ಗಾಜಲ್ಲ, ಗಾಜಿನೊಳಗಿನ ನಮ್ಮ ಮಾವಿನ ಮರ. ನಾನು ತಿಕ್ಕಿದಷ್ಟೂ ಆ ಮರ ನಿಜವಾಗುತ್ತಾ ಹೋಗಿತ್ತು.

ಎಂಟೂವರೆಗೆ ಡಬ್ಬಿಯೊಳಗೆ ಪರಪರ ಕೆರೆಯುವ ಸದ್ದು. ಗಾಳಿಗೆ ಎಸೆಯಬೇಡಿ, ನೆಲದ ಮೇಲೆ ಇಟ್ಟು ದೂರ ಸರಿಯಿರಿ ಅಂದಿದ್ದ ವೈದ್ಯ. ಮಾವಿನ ಮರದ ಬುಡಕ್ಕೆ ಒಯ್ದು ಮುಚ್ಚಳ ತೆಗೆದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಡಬ್ಬಿಯ ಅಂಚಿಗೆ ಹಾರಿ ಕೂತು, ಮೋಟು ಬಾಲ ಮೇಲೆ ಕೆಳಗೆ ಆಡಿಸಿ, ಕುಪ್ಪಳಿಸಿ ಇಳಿಯಿತು. ಹಾರಿ ಹೋಗುತ್ತೆ ಅಂದುಕೊಂಡವಳಿಗೆ ಅದು ಮಾಡಿದ್ದು ನೋಡಿ ನಗು ಬಂತು. ಒಣಗಿದ ಮಾವಿನೆಲೆಯೊಂದನ್ನು ಕೊಕ್ಕಿನಿಂದ ಎತ್ತಿ ಆ ಕಡೆ ಬಿಸಾಡಿತು. ಇನ್ನೊಂದು. ಮತ್ತೊಂದು. ಮದುವೆ ಮನೆಯಲ್ಲಿ ಚಪ್ಪಲಿ ಹುಡುಕುವವರ ಹಾಗೆ! ಕೊನೆಗೆ ಏನೋ ಹುಳ ಸಿಕ್ಕಿತು, ನುಂಗಿತು.

ಅಲ್ಲಿ ಆ ಎಲೆಗಳು ಇದ್ದದ್ದು ನನ್ನ ದೂರದೃಷ್ಟಿಯಿಂದಲ್ಲ. ಹಬ್ಬದ ಗಡಿಬಿಡಿಯಲ್ಲಿ, ಮನೆಗೆಲಸದವಳು ರಜೆ ಹಾಕಿ, ಹಿತ್ತಲು ಹತ್ತು ದಿನ ಗುಡಿಸಿರಲಿಲ್ಲ. ಇಲ್ಲದಿದ್ದರೆ ನಮ್ಮಲ್ಲಿ ದಿನಾ ಸಂಜೆ ತರಗೆಲೆ ಗುಡ್ಡೆ ಹಾಕಿ ಬೆಂಕಿ ಕೊಡುವುದೇ ಪದ್ಧತಿ. ಹಕ್ಕಿ ನಾಲ್ಕು ದಿನ ಅಲ್ಲೇ ಇತ್ತು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಎರಡು ಸ್ವರದ ಒಂದು ಸಿಳ್ಳೆ. ತಮಿಳಿನಲ್ಲಿ ಇದಕ್ಕೆ ಆರುಮಣಿ ಕುರುವಿ, ಅಂದರೆ ಆರು ಗಂಟೆ ಹಕ್ಕಿ ಅಂತಲೇ ಹೆಸರು. ಐದನೇ ದಿನ ಸಿಳ್ಳೆ ಕೇಳಲಿಲ್ಲ. ಆರನೇ ದಿನ ಕೆಲಸದವಳು ಪೊರಕೆ ಹಿಡಿದು ಹಿತ್ತಲಿಗೆ ಹೊರಟಾಗ, ಇವತ್ತು ಬೇಡ ಬಿಡಮ್ಮ ಅಂದೆ. ಆ 'ಇವತ್ತು ಬೇಡ' ಆರು ವರ್ಷದಿಂದ ನಡೆದಿದೆ.

ಅತ್ತೆ ಒಪ್ಪಲಿಲ್ಲ. ಕಸ ಬಿಟ್ಟರೆ ಹಾವು ಬರುತ್ತೆ ಅಂದರು. ಕೊನೆಗೆ ರಾಜಿಯಾಯಿತು: ಮುಂದಿನ ಅಂಗಳ ಅವರದು, ಗುಡಿಸಿ, ಸಾರಿಸಿ, ರಂಗೋಲಿ. ಹಿತ್ತಲಲ್ಲಿ ಮಾವು, ನಿಂಬೆ ಗಿಡದ ಮಧ್ಯೆ ಹದಿನೈದು ಅಡಿಗೆ ಹತ್ತಡಿ ಜಾಗ ನನ್ನದು; ಅಲ್ಲಿ ಪೊರಕೆ ಇಲ್ಲ, ಬೆಂಕಿ ಇಲ್ಲ. ಹಾವೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಎರಡನೇ ವರ್ಷ ಒಂದು ಕೇರೆ. ವಿಷವಿಲ್ಲದ ಇಲಿ ಹಿಡಿಯುವ ಹಾವು ಎಂದು ಹೇಳಿ ನೋಡಿದೆ. ಅತ್ತೆ ಒಂದು ವಾರ ಹಿತ್ತಲ ಬಾಗಿಲು ತೆಗೆಯಲಿಲ್ಲ. ಅವತ್ತಿನಿಂದ ಎಲೆಯ ಜಾಗಕ್ಕೂ ಬಚ್ಚಲ ದಾರಿಗೂ ನಡುವೆ ಆರಡಿ ನೆಲ ಬೋಳು ಬಿಟ್ಟಿದ್ದೇನೆ, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಇಳಿಯುವುದಿಲ್ಲ. ಮಕ್ಕಳು ಆಡುವ ಮನೆಯಲ್ಲಿ ಹೀಗೆ ಬಿಡಿ ಎಂದು ನಾನು ಯಾರಿಗೂ ಹೇಳಲಾರೆ.

ಎಲೆ ಕೊಳೆಯುತ್ತ ಬಂದ ಹಾಗೆ ಹುಳ ಹೆಚ್ಚಿದವು, ಹುಳಕ್ಕೆ ಹರಟೆಮಲ್ಲ ಹಕ್ಕಿಗಳು ಬಂದವು. ಏಳೆಂಟು ಒಟ್ಟಿಗೇ, ನಲ್ಲಿ ಮುಂದೆ ಬಿಂದಿಗೆ ಇಟ್ಟು ಜಗಳಾಡುವವರ ಹಾಗೆ ಕಚಪಿಚ. ಮಡಿವಾಳ ಹಕ್ಕಿ ಬಂತು. ಕೆಂಬೂತ ಬಂತು, ಗಂಭೀರವಾಗಿ ನಡೆದುಕೊಂಡು ಬರುತ್ತೆ, ತಾಲ್ಲೂಕು ಕಚೇರಿಯಿಂದ ತಪಾಸಣೆಗೆ ಬಂದಂತೆ. ಕಾಂಪೌಂಡಿನ ಪಕ್ಕ ತಾನಾಗೇ ಹುಟ್ಟಿದ ಗಸಗಸೆ ಹಣ್ಣಿನ ಮರವನ್ನು ಕಡಿಸಬೇಕೆಂದಿದ್ದೆ, ಬಿಟ್ಟೆ. ಅದರ ಕೆಂಪು ಹಣ್ಣಿಗೆ ಪಿಕಳಾರ, ಕೋಗಿಲೆ, ಹೆಬ್ಬೆರಳಿಗಿಂತ ತುಸುವೇ ದೊಡ್ಡದಾದ ಬದನಿಕೆ ಹಕ್ಕಿ. ಕಾಳು ಚೆಲ್ಲುವುದನ್ನು ಮಾತ್ರ ಆರು ತಿಂಗಳಲ್ಲೇ ನಿಲ್ಲಿಸಿದೆ. ಬಂದದ್ದು ಬರೀ ಪಾರಿವಾಳ, ಆಮೇಲೆ ಇಲಿ.

ನೀರಿನ ತಟ್ಟೆಯಲ್ಲಿ ನಾನು ಮಾಡಿದ ತಪ್ಪು ಇನ್ನೂ ಕೊರೆಯುತ್ತೆ. ಅಗಲವಾದ ಮಣ್ಣಿನ ತಟ್ಟೆ ತಂದು, ನೆರಳಿರಲಿ ಎಂದು ನಿಂಬೆ ಗಿಡದ ಬುಡದಲ್ಲೇ ಇಟ್ಟೆ. ಗಿಡದ ಹಿಂದೆ ಪಕ್ಕದ ಮನೆ ಬೆಕ್ಕು ಹೊಂಚು ಹಾಕುವುದಕ್ಕೆ ಅದಕ್ಕಿಂತ ಒಳ್ಳೇ ಜಾಗ ಇರಲಿಲ್ಲ. ಒಂದು ಮಧ್ಯಾಹ್ನ ನನ್ನ ಕಣ್ಣೆದುರೇ ಕೆಮ್ಮೀಸೆ ಪಿಕಳಾರವೊಂದನ್ನು, ಸ್ನಾನ ಮಾಡುತ್ತಿದ್ದ ಒದ್ದೆ ಹಕ್ಕಿಯನ್ನು, ಹಿಡಿದುಕೊಂಡು ಹೋಯಿತು. ಈಗ ತಟ್ಟೆ ಬಯಲಲ್ಲಿದೆ, ಪೊದೆಯಿಂದ ಎಂಟಡಿ ದೂರ. ಸುತ್ತ ಕಾಣಬೇಕು, ಹಾರಿ ಕೂರಲು ಮೇಲೊಂದು ಕೊಂಬೆಯೂ ಇರಬೇಕು. ನೀರು ಎರಡು ಅಂಗುಲಕ್ಕಿಂತ ಹೆಚ್ಚು ಬೇಡ, ಮಧ್ಯೆ ಒರಟು ಕಲ್ಲೊಂದು. ದಿನಾ ಬೆಳಿಗ್ಗೆ ನೀರು ಚೆಲ್ಲಿ ತೆಂಗಿನ ನಾರಿನಲ್ಲಿ ತಿಕ್ಕುತ್ತೇನೆ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಬೇಕು. ದಿನಾ ಚೆಲ್ಲಿದರೆ ಅದಕ್ಕೆ ಅವಕಾಶವಿಲ್ಲ.

ಇಷ್ಟೆಲ್ಲ ಆದರೂ ಎಲ್ಲ ಹಕ್ಕಿ ಮನೆಗೆ ಬರುವುದಿಲ್ಲ. ಇಲ್ಲೇ ದೇವರಾಯನದುರ್ಗದ ಬಂಡೆ, ಕುರುಚಲು ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ಅದನ್ನು ನೋಡಲೆಂದೇ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಾನು ಎಷ್ಟು ತಟ್ಟೆ ಇಟ್ಟರೂ ಅದು ಬಂಡೆ ಬಿಟ್ಟು ಕ್ಯಾತ್ಸಂದ್ರಕ್ಕೆ ಇಳಿಯುವುದಿಲ್ಲ. ಅದಕ್ಕೆ ಬೆಟ್ಟ ಉಳಿಯಬೇಕು, ತಟ್ಟೆ ಸಾಲದು.

ಕಿಟಕಿಯ ಕತೆ ಬಾಕಿ ಇದೆ. ನವರಂಗ ಹೋದ ವಾರದಲ್ಲೇ ಗಿಡುಗನ ಆಕಾರದ ಕಪ್ಪು ಸ್ಟಿಕ್ಕರ್ ತಂದು ಗಾಜಿನ ನಡುವೆ ಅಂಟಿಸಿದೆ. ಮೂರು ದಿನಕ್ಕೆ ಪಿಕಳಾರವೊಂದು ಸ್ಟಿಕ್ಕರಿನ ಪಕ್ಕದಲ್ಲೇ ಬಂದು ಹೊಡೆಯಿತು. ಅಲ್ಲಾಡದ ಗಿಡುಗಕ್ಕೆ ಹಕ್ಕಿ ಹೆದರುವುದಿಲ್ಲ. ಅದರ ಪಕ್ಕದ ಖಾಲಿ ಜಾಗದಲ್ಲಿ ನುಸುಳಲು ನೋಡುತ್ತದೆ. ಆದ್ದರಿಂದ ಖಾಲಿ ಜಾಗವೇ ಉಳಿಯಬಾರದು. ಗುರುತುಗಳ ನಡುವೆ ಎರಡು ಅಂಗುಲಕ್ಕಿಂತ ಹೆಚ್ಚು ಬಿಡುವು ಇರಕೂಡದು, ಅದೂ ಗಾಜಿನ ಹೊರಮೈಯಲ್ಲಿ. ಒಳಗೆ ಅಂಟಿಸಿದರೆ ಹೊರಗಿನ ಪ್ರತಿಬಿಂಬ ಅದನ್ನು ನುಂಗಿಬಿಡುತ್ತದೆ. ಎರಡು ಅಂಗುಲಕ್ಕೊಂದು ಗುರುತು ಅಂದ ಕೂಡಲೇ ನನಗೆ ಹೊಳೆದದ್ದು ರಂಗೋಲಿ. ನಾಲ್ಕಡಿ ಅಗಲ, ಮೂರಡಿ ಎತ್ತರದ ಕಿಟಕಿ: 24 ಚುಕ್ಕಿ, 18 ಸಾಲು, ಒಟ್ಟು 432. ಮೊದಲು ಸುಣ್ಣದಲ್ಲಿ ಇಟ್ಟೆ, ಒಂದೇ ಮಳೆಗೆ ಕರಗಿ ಗೋಡೆಗೆಲ್ಲ ಇಳಿಯಿತು. ಆಮೇಲೆ ಬಿಳಿ ಪೇಂಟು, ಹತ್ತಿ ಕಡ್ಡಿ. ಒಂದು ಇಡೀ ಮಧ್ಯಾಹ್ನ ಹಿಡಿಯಿತು, ಕುತ್ತಿಗೆ ಹಿಡಿದುಕೊಂಡಿದ್ದು ಬೇರೆ. ಆಮೇಲೆ ಆ ಕಿಟಕಿಗೆ ಹಕ್ಕಿ ಹೊಡೆದದ್ದು ನಾನು ಕಂಡಿಲ್ಲ. ಸ್ಕೂಟರಿನ ಕನ್ನಡಿಯಲ್ಲಿ ತನ್ನದೇ ಬಿಂಬ ಕಂಡು ಕುಸ್ತಿಗಿಳಿಯುವ ಮಡಿವಾಳನಿಗೆ, ಕನ್ನಡಿಗೆ ಹಳೇ ಕಾಲುಚೀಲ ತೊಡಿಸಿದ್ದೇ ಸಾಕಾಯಿತು.

ನವರಂಗ ಮತ್ತೆ ಬಂತು. ಮರುವರ್ಷ ಅಲ್ಲ, ಅದರಾಚೆ ವರ್ಷ, ಅಕ್ಟೋಬರ್ ಕೊನೆಗೆ. ಕಾಲಿಗೆ ಉಂಗುರ ತೊಡಿಸದ ಹಕ್ಕಿ ಅದೇನಾ ಬೇರೇನಾ ಯಾರೂ ಹೇಳಲಾರರು. ಈ ಸಲ ಬಂದದ್ದು ಮಾರ್ಚ್‌ವರೆಗೂ ಇತ್ತು. ಸಿಳ್ಳೆ ಮೊದಲು ಕೇಳಿಸಿಕೊಂಡವರು ಅತ್ತೆಯೇ. ಅವರು ಶಿರಾ ಸೀಮೆಯವರು. ಅಲ್ಲಿಯ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ, ಹಿಕ್ಕೆಯ ವಾಸನೆಯನ್ನೂ ಊರವರು ಸಹಿಸಿಕೊಳ್ಳುತ್ತಾರೆ. "ಅಷ್ಟು ದೊಡ್ಡ ಕೊಕ್ಕರೆಗೇ ಜಾಗ ಕೊಟ್ಟವರಿದ್ದಾರಂತೆ, ಇದೊಂದು ಹಿಡಿ ಹಕ್ಕಿ" ಅಂದರು. ಎಲೆ ಗುಡಿಸದ್ದಕ್ಕೆ ಗೊಣಗುವುದನ್ನು ಮಾತ್ರ ಬಿಟ್ಟಿಲ್ಲ.

ಈ ವರ್ಷ ಹಬ್ಬಕ್ಕೆ ಮುಂಚೆ ಚುಕ್ಕಿಗಳು ಅಲ್ಲಲ್ಲಿ ಉದುರಿದ್ದವು. ತಿದ್ದೋಣ ಎಂದು ಪೇಂಟು ಕಲಸಿಟ್ಟು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಬರೀ ಚುಕ್ಕಿ ಇಟ್ಟು ಎಳೆ ಎಳೆಯದೆ ಬಿಡುವುದು ಅಶುಭವಂತೆ. ಕೆಳಗಿನ ಆರು ಸಾಲಿಗೆ ಎಳೆ ಎಳೆದು ತಾವರೆ ಬರೆದಿದ್ದಾರೆ. ಹಿತ್ತಲಿಂದ ನೋಡಿದರೆ ಕಿಟಕಿ ಲಕ್ಷಣವಾಗಿದೆ. ಒಳಗೆ ಕೂತವರಿಗೆ ಮಾವಿನ ಮರದ ಬುಡ ಕಾಣಬೇಕೆಂದರೆ ಎದ್ದು ನಿಲ್ಲಬೇಕು.