ಪೆಸಿಫಿಕ್ ಕ್ರೀಡಾಕೂಟದ ರಗ್ಬಿ ಸೆವೆನ್ಸ್ ಪಂದ್ಯವನ್ನು ನೋಡುವುದು ಹೇಗೆ?

ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರಗಳೂ ದ್ವೀಪ ಪ್ರದೇಶಗಳೂ ನಾಲ್ಕು ವರ್ಷಗಳಿಗೊಮ್ಮೆ ಸೇರುವ ಪೆಸಿಫಿಕ್ ಕ್ರೀಡಾಕೂಟ 1963ರಲ್ಲಿ ಫಿಜಿಯ ಸುವಾದಲ್ಲಿ ಆರಂಭವಾಯಿತು. 2023ರಲ್ಲಿ ಸಾಲೊಮನ್ ದ್ವೀಪಗಳ ಹೊನಿಯಾರಾ ಅದರ ಆತಿಥ್ಯ ವಹಿಸಿತ್ತು. 2027ರ ಸರದಿ ತಾಹಿತಿಯದು. ಈ ಕೂಟದ ರಗ್ಬಿ ಸೆವೆನ್ಸ್ ಪಂದ್ಯಗಳನ್ನು ಹೊಸದಾಗಿ ನೋಡುವವರಲ್ಲಿ ಹೆಚ್ಚಿನವರು ಒಂದೇ ತಪ್ಪು ಮಾಡುವುದನ್ನು ಕಂಡಿದ್ದೇನೆ: ಟ್ರೈ (ಚೆಂಡನ್ನು ಎದುರಾಳಿಯ ಗೋಲು ಗೆರೆಯಾಚೆ ನೆಲಕ್ಕೆ ಒತ್ತಿ ಅಂಕ ಗಳಿಸುವುದು) ಆದ ಕೂಡಲೇ ಪರದೆಯಿಂದ ಕಣ್ಣು ತೆಗೆದು ಮಾತಿಗಿಳಿಯುತ್ತಾರೆ. ಪಂದ್ಯದ ದಿಕ್ಕು ತಿರುಗುವುದು ಹೆಚ್ಚಾಗಿ ಆ ಹೊತ್ತಿನಲ್ಲಿಯೇ.

ಮೊದಲು ಲೆಕ್ಕ ತಿಳಿದಿರಲಿ. ತಂಡಕ್ಕೆ ಏಳು ಮಂದಿ, ಮೈದಾನ ಮಾತ್ರ ಹದಿನೈದು ಮಂದಿಯ ರಗ್ಬಿಯಷ್ಟೇ ದೊಡ್ಡದು. 7 ನಿಮಿಷಗಳ ಎರಡು ಅವಧಿ. ಟ್ರೈಗೆ 5 ಅಂಕ, ಅದರ ನಂತರ ಗೋಲುಕಂಬಗಳ ನಡುವೆ ಚೆಂಡು ಒದೆಯುವ ಕನ್ವರ್ಶನ್‌ಗೆ 2. ಇಷ್ಟು ಸಾಕು, ಉಳಿದ ನಿಯಮಗಳು ನೋಡುತ್ತ ಬರುತ್ತವೆ.

ಎರಡನೆಯದು, ಮರು ಆರಂಭದ ಕಿಕ್. ಹದಿನೈದು ಮಂದಿಯ ರಗ್ಬಿಯಲ್ಲಿ ಅಂಕ ಬಿಟ್ಟುಕೊಟ್ಟ ತಂಡ ಚೆಂಡನ್ನು ಒದ್ದು ಆಟ ಮುಂದುವರಿಸುತ್ತದೆ. ಸೆವೆನ್ಸ್‌ನಲ್ಲಿ ಅಂಕ ಗಳಿಸಿದ ತಂಡವೇ ಒದೆಯಬೇಕು. ಹಾಗಾಗಿ ತಾನು ಒದ್ದ ಚೆಂಡನ್ನು ತಾನೇ ಹಿಡಿಯಬಲ್ಲ ತಂಡ ಎದುರಾಳಿಗೆ ಚೆಂಡು ಮುಟ್ಟಲೂ ಬಿಡದೆ ಸಾಲಾಗಿ ಎರಡು ಮೂರು ಟ್ರೈ ಗಳಿಸಬಹುದು, ಮತ್ತು 14 ನಿಮಿಷಗಳ ಆಟದಲ್ಲಿ ಆ ಅಂತರವನ್ನು ತುಂಬುವುದು ಬಹಳ ಕಷ್ಟ. ಒದೆಯುವವನು ಚೆಂಡನ್ನು ಕೈಯಿಂದ ಬಿಟ್ಟು, ಅದು ನೆಲಕ್ಕೆ ತಾಗಿ ಪುಟಿಯುತ್ತಿದ್ದಂತೆ ಒದೆಯುತ್ತಾನೆ. ಚೆಂಡು 10 ಮೀಟರ್ ಗೆರೆ ತಲುಪದಿದ್ದರೆ ಅಥವಾ ನೇರವಾಗಿ ಅಂಕಣದ ಹೊರಗೆ ಹೋದರೆ ಮಧ್ಯದಲ್ಲಿ ಎದುರಾಳಿಗೆ ಫ್ರೀ ಕಿಕ್ ಸಿಗುತ್ತದೆ. ಆದ್ದರಿಂದ ಒಳ್ಳೆಯ ಕಿಕ್ ದೂರ ಹೋಗುವುದಿಲ್ಲ, ಎತ್ತರಕ್ಕೆ ಹೋಗುತ್ತದೆ: ಬೆನ್ನಟ್ಟಿ ಓಡುವವನು ತಲುಪುವವರೆಗೂ ಗಾಳಿಯಲ್ಲಿದ್ದು, ಆ ಗೆರೆಯನ್ನು ದಾಟಿದೊಡನೆ ಅಂಚಿನ ಬಳಿ ಇಳಿಯುತ್ತದೆ. ಚೆಂಡು ಮೇಲಿರುವಾಗ ನೀವು ಅದನ್ನು ನೋಡಬೇಡಿ; ಕೆಳಗೆ ಓಡುತ್ತಿರುವವನನ್ನು ನೋಡಿ. ಅವನು ವೇಗ ತಗ್ಗಿಸದೆ ನೆಗೆದು, ಚೆಂಡನ್ನು ಹಿಡಿಯುವ ಬದಲು ಅಂಗೈಯಿಂದ ಹಿಂದಕ್ಕೆ ತಟ್ಟಿದರೆ, ಹಿಂದೆ ಬರುವ ಜೊತೆಗಾರನ ಎದುರು ತೆರೆದ ಮೈದಾನವಿರುತ್ತದೆ. ಎದುರಾಳಿಗಳು ಇದನ್ನು ತಡೆಯಲು ತಮ್ಮಲ್ಲೊಬ್ಬನನ್ನು ಸೊಂಟ, ತೊಡೆ ಹಿಡಿದು ಮೇಲಕ್ಕೆತ್ತುತ್ತಾರೆ.

ಟ್ರೈಗಳನ್ನಷ್ಟೇ ಕತ್ತರಿಸಿ ಜೋಡಿಸಿದ ಕಿರು ವಿಡಿಯೊಗಳಲ್ಲಿ ಇದು ಯಾವುದೂ ಇರುವುದಿಲ್ಲ. ಅವುಗಳಿಂದ ಆಟ ಕಲಿಯಲು ಹೊರಡಬೇಡಿ. ಹತ್ತು ವಿಡಿಯೊಗಳಿಗಿಂತ ಒಂದು ಪೂರ್ಣ ಪಂದ್ಯ ಮೇಲು.

ಮೂರನೆಯದಾಗಿ, ರಕ್ಷಣೆಯ ಸಾಲನ್ನು ಗಮನಿಸಿ. ಕಬಡ್ಡಿಯ ಸರಪಳಿಯಂತೆ ಅದು ಒಟ್ಟಾಗಿ ಅತ್ತಿತ್ತ ಸರಿಯುತ್ತದೆ. ಒಬ್ಬ ಮುನ್ನುಗ್ಗಿದರೆ ಪಕ್ಕದಲ್ಲಿ ಕಿಂಡಿ ಬೀಳುತ್ತದೆ. ಫಿಜಿಯ ಆಟಗಾರರು ಆ ಕಿಂಡಿಯನ್ನು ಆಫ್‌ಲೋಡ್‌ನಿಂದ ಸೃಷ್ಟಿಸುತ್ತಾರೆ: ಟ್ಯಾಕಲ್‌ಗೆ (ಎದುರಾಳಿಯ ಹಿಡಿತಕ್ಕೆ) ಸಿಕ್ಕಿ ಬೀಳುತ್ತಿರುವಾಗಲೇ ಒಂದೇ ಕೈಯಲ್ಲಿ ಚೆಂಡನ್ನು ಹಿಂದಿನವನಿಗೆ ದಾಟಿಸುತ್ತಾರೆ. ರಿಯೊ (2016) ಮತ್ತು ಟೋಕಿಯೊ ಒಲಿಂಪಿಕ್ಸ್‌ಗಳೆರಡರಲ್ಲೂ ಅವರ ಪುರುಷರ ತಂಡ ಚಿನ್ನ ಗೆದ್ದಿತು, ಟೋಕಿಯೊದಲ್ಲಿ ಮಹಿಳೆಯರ ತಂಡ ಕಂಚು ಗೆದ್ದಿತು. ಆದರೂ ಮೊದಲ ಬಾರಿಗೆ ನೋಡುವವರು ಫಿಜಿಯ ಜೊತೆಗೆ ಸಮೋವಾ, ಟೋಂಗಾ, ಪಪುವಾ ನ್ಯೂಗಿನಿಯ ಪಂದ್ಯಗಳನ್ನೂ ತಪ್ಪದೆ ನೋಡಬೇಕೆಂಬುದು ನನ್ನ ಖಚಿತ ಸಲಹೆ. ಸಮಬಲದ ತಂಡಗಳ ನಡುವೆ ಪ್ರತಿ ಕಿಕ್‌ನ ಬೆಲೆ ಸ್ಪಷ್ಟವಾಗಿ ಕಾಣುತ್ತದೆ.

ಹಳದಿ ಕಾರ್ಡ್ ಬಿದ್ದರೆ ಆಟಗಾರ 2 ನಿಮಿಷ ಹೊರಗಿರಬೇಕು. ಆರು ಮಂದಿಗೆ ಮೈದಾನದ ಅಗಲ ಕಾಯುವುದು ಸುಲಭವಲ್ಲ. ಆಗ ಅಂಚಿನತ್ತ ಕಣ್ಣಿಡಿ.

ಕೊನೆಯದಾಗಿ ಸಮಯ. ತಾಹಿತಿಯ ಗಡಿಯಾರ ನಮ್ಮದಕ್ಕಿಂತ ಹದಿನೈದೂವರೆ ಗಂಟೆ ಹಿಂದಿದೆ: ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಆರಂಭವಾಗುವ ಪಂದ್ಯ ಇಲ್ಲಿ ಮರುದಿನದ ನಸುಕಿನ ಒಂದೂವರೆಗೆ, ಸಂಜೆ ಆರರ ಪಂದ್ಯ ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ. ಎಲ್ಲವನ್ನೂ ನೋಡಲಾಗದಿದ್ದರೆ ಗುಂಪು ಹಂತವನ್ನು ಬಿಟ್ಟು ಸೆಮಿಫೈನಲ್‌ನಿಂದ ಆರಂಭಿಸಿ. ಅಲ್ಲಿ ಅಂಕ ಸಮವಾದರೆ ಹೆಚ್ಚುವರಿ ಆಟವಿರುತ್ತದೆ, ಮೊದಲು ಅಂಕ ಗಳಿಸಿದ ತಂಡಕ್ಕೇ ಗೆಲುವು. ಅದರ ಆರಂಭದ ಕಿಕ್ ಅನ್ನು ಯಾರು ಹಿಡಿಯುತ್ತಾರೆಂದು ನೋಡಿ.